ಮಳೆಯಲ್ಲಿ ಮನೆ ಓಡಿಸುವುದು

ಪ್ರವಾಸಕ್ಕೆ ಹೊರಟ ಕನ್ನಡಿಗರು ಮನೆ ಬಿಟ್ಟು ಹೋದದ್ದನ್ನು ನಾನಂತೂ ಕಂಡಿಲ್ಲ. ಬೀಗ ಹಾಕಿ, ಎಳೆದು ನೋಡಿ, ಗ್ಯಾಸ್ ಆರಿಸಿದೆವೋ ಇಲ್ಲವೋ ಎಂದು ಮತ್ತೊಮ್ಮೆ ಒಳಗೆ ಹೋಗಿ ಬಂದು ಹೊರಡುವುದೇನೋ ನಿಜ. ಆದರೆ ಕಾರಿನ ಡಿಕ್ಕಿ ತೆಗೆದರೆ ಅಡುಗೆಮನೆಯ ಮುಕ್ಕಾಲು ಪಾಲು ಅಲ್ಲಿ ಕೂತಿರುತ್ತದೆ. ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪ್ಲಾಸ್ಟಿಕ್ಕಿನ ಮೇಲೆ ಪ್ಲಾಸ್ಟಿಕ್ ಸುತ್ತಿದ ಮಿಡಿ ಉಪ್ಪಿನಕಾಯಿ ಜಾಡಿ, ಕುಕ್ಕರ್, ಕುಕ್ಕರಿನ ಹೊಟ್ಟೆಯಲ್ಲಿ ಅಕ್ಕಿ, ಅಕ್ಕಿಯಲ್ಲಿ ಹುಗಿದಿಟ್ಟ ತುಪ್ಪದ ಬಾಟಲಿ. ಹೋಟೆಲ್ ಕೋಣೆಯಲ್ಲಿ ಬಚ್ಚಲಿನ ಫ್ಯಾನ್ ಹಾಕಿ, ಬಾಗಿಲ ಸಂದಿಗೆ ಟವೆಲ್ ತುರುಕಿ, ಕಾಫಿ ಮೇಕರಿನ ಪಕ್ಕದ ಪ್ಲಗ್ಗಿಗೆ ಪುಟ್ಟ ರೈಸ್ ಕುಕ್ಕರ್ ಸಿಕ್ಕಿಸಿ ಬಿಸಿಬೇಳೆಭಾತ್ ಮಾಡಿದವರು ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಎಷ್ಟು ಮನೆಯವರಿದ್ದಾರೆ ಎಂಬುದು, ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಮೆಲ್ಲಗೆ ವಿಚಾರಿಸಿದರೆ ಗೊತ್ತಾಗುತ್ತದೆ. ಸುದ್ದಿ ಎತ್ತಿದವರನ್ನು ಬಿಟ್ಟು ಉಳಿದವರೆಲ್ಲ ನಗುತ್ತಾರೆ.

ಇಂಥ ಜನರಿಗೆ ಹೇಳಿ ಮಾಡಿಸಿದ ವಾಹನ ಆರ್‌ವಿ. ಒಲೆ, ಸಿಂಕು, ಫ್ರಿಜ್ಜು, ಮಂಚ, ಬಚ್ಚಲು ಎಲ್ಲವನ್ನೂ ಒಂದು ಟ್ರಕ್ಕಿನ ಬೆನ್ನಿಗೆ ಹೊರಿಸಿ ಅದನ್ನು ಬಾಡಿಗೆಗೆ ಕೊಡುತ್ತಾರೆ. ಮನೆಯಿಂದ ನಾಲ್ಕು ದಿನ ತಪ್ಪಿಸಿಕೊಳ್ಳಲು ದುಡ್ಡು ಕೊಟ್ಟು ಇನ್ನೊಂದು ಮನೆ ಹಿಡಿಯುವುದು ಎಂಥ ಜಾಣತನ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅಷ್ಟರಲ್ಲಿ ನಾವು ಉಪ್ಪಿನಕಾಯಿಗೆ ಜಾಗ ಹುಡುಕುತ್ತಿರುತ್ತೇವೆ.

ಈ ಯೋಚನೆಯ ಬೇರು ಹುಡುಕಿದರೆ ಅಲ್ಲೊಬ್ಬ ಡಚ್ಚಿನವನು ಸಿಗುತ್ತಾನೆ. ಬೆನ್ ಪಾನ್ ಎಂದು ಹೆಸರು. ನೆದರ್ಲೆಂಡ್ಸಿಗೆ ಫೋಕ್ಸ್‌ವ್ಯಾಗನ್ ಕಾರು ತರಿಸಿ ಮಾರುವ ವ್ಯಾಪಾರಿ. 1947ರ ಏಪ್ರಿಲ್‌ನಲ್ಲಿ ತನ್ನ ನೋಟ್‌ಬುಕ್ಕಿನಲ್ಲಿ ಒಂದು ಪೆಟ್ಟಿಗೆ ಗೀಚಿದ: ಡ್ರೈವರ್ ಮುಂದೆ, ಎಂಜಿನ್ ಹಿಂದೆ, ನಡುವೆ ಬರೀ ಜಾಗ. 1950ರಲ್ಲಿ ಆ ಪೆಟ್ಟಿಗೆ ಜರ್ಮನಿಯ ಕಾರ್ಖಾನೆಯಿಂದ ವ್ಯಾನಾಗಿ ಹೊರಬಂತು. ಖಾಲಿ ಜಾಗ ಕಂಡರೆ ಸುಮ್ಮನಿರಲಾರದವರು ಅದರೊಳಗೆ ಮಂಚ, ಕಪಾಟು, ಒಲೆ ಕೂರಿಸಿದರು. 1967ರ ಬೇಸಿಗೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ ಬೀದಿಗಳಿಗೆ ಬಂದು ಸೇರಿದ ಕೂದಲು ಬಿಟ್ಟ ಹುಡುಗರಿಗೆ ಅದೇ ಮನೆ, ಅದೇ ಮಠ. 1976ರಲ್ಲಿ ಇಲ್ಲಿನ ಲಾಸ್ ಆಲ್ಟೋಸಿನ ಸ್ಟೀವ್ ಜಾಬ್ಸ್ ಎಂಬ ಹುಡುಗ ಆ್ಯಪಲ್ ಕಂಪನಿಯ ಮೊದಲ ಬಂಡವಾಳಕ್ಕೆಂದು ಮಾರಿದ್ದೂ ಒಂದು ಫೋಕ್ಸ್‌ವ್ಯಾಗನ್ ವ್ಯಾನನ್ನೇ. ಜೊತೆಗಾರ ವೋಜ್ನಿಯಾಕ್ ತನ್ನ ಕ್ಯಾಲ್ಕ್ಯುಲೇಟರ್ ಮಾರಿದ. ಹಾಗೆ ನೋಡಿದರೆ, ಈ ಸಿಲಿಕಾನ್ ಕಣಿವೆಯಲ್ಲಿ ಕಂಪ್ಯೂಟರ್ ನಂಬಿ ಅನ್ನ ಉಣ್ಣುವ ನಾವೆಲ್ಲ ಆ ಡಚ್ ವ್ಯಾಪಾರಿಯ ಗೀಚಿಗೆ ಸ್ವಲ್ಪವಾದರೂ ಋಣಿಗಳು.

ನನ್ನ ಹೆಂಡತಿಯ ತಮ್ಮ ಇರುವುದು ಆ ಡಚ್ಚರ ದೇಶದಲ್ಲೇ, ಐಂಡ್‌ಹೋವನ್ ಊರಿನಲ್ಲಿ. ಟುಲಿಪ್ ಹೂವು ನೋಡುತ್ತೇನೆಂದು ವ್ಯಾನ್ ಬಾಡಿಗೆಗೆ ಹಿಡಿದು ಹೋದವನು ವಾರವಿಡೀ ವೈಪರ್ ನೋಡಿಕೊಂಡು ಬಂದ. ‘ಭಾವ, ಇಲ್ಲಿ ಮಳೆಗಾಲ ಅಂತ ಬೇರೆ ಇಲ್ಲ. ಹನ್ನೆರಡು ತಿಂಗಳೂ ಇದೆ, ಸ್ವಲ್ಪ ಸ್ವಲ್ಪ’ ಎಂದು ಫೋನಿನಲ್ಲಿ ವರದಿ ಕೊಟ್ಟ. ಅಲ್ಲಿಯವರು ಮಳೆಗೆ ಹೆದರುವುದಿಲ್ಲವಂತೆ, ಅದರ ಜೊತೆ ಚೌಕಾಸಿ ಮಾಡುತ್ತಾರಂತೆ. ಮೊಬೈಲಿನಲ್ಲಿ ಮಳೆಯ ರಾಡಾರ್ ನೋಡಿ, ಮೂರೂ ಹತ್ತಕ್ಕೆ ನಿಂತು ಮೂರೂ ಮೂವತ್ತೈದಕ್ಕೆ ಮತ್ತೆ ಹಿಡಿಯುತ್ತದೆ ಎಂದು ಗೊತ್ತಾದರೆ, ಆ ಇಪ್ಪತ್ತೈದು ನಿಮಿಷದಲ್ಲಿ ಸೈಕಲ್ ಹೊಡೆದು ಬ್ರೆಡ್ಡು ತಂದುಬಿಡುತ್ತಾರೆ. ಕಂಡಕಂಡಲ್ಲಿ ವ್ಯಾನ್ ನಿಲ್ಲಿಸಿ ಮಲಗುವ ಹಾಗಿಲ್ಲ, ಅದಕ್ಕೆಂದೇ ಗೊತ್ತುಪಡಿಸಿದ ಜಾಗವಿದೆ. ಗುಡ್ಡವಿಲ್ಲದ ದೇಶ, ಓಡಿಸುವುದು ಸಲೀಸು. ‘ನೀವೂ ಬನ್ನಿ ಭಾವ’ ಎಂದ. ಮಳೆ ನೋಡಲು ಅಟ್ಲಾಂಟಿಕ್ ದಾಟುವುದು ಯಾಕೆ, ಅದು ಇಲ್ಲೇ ಬರುತ್ತದಲ್ಲ ಎಂದು ನಾವು ಲೆಕ್ಕ ಹಾಕಿದೆವು.

ಆದರೆ ಇಲ್ಲಿಯ ಮಳೆ ನಮ್ಮ ಪಂಚಾಂಗಕ್ಕೆ ಜಗ್ಗುವುದಿಲ್ಲ. ಊರಲ್ಲಿ ಆರಿದ್ರಾ ಪುನರ್ವಸು ಸುರಿಯುವಾಗ ಇಲ್ಲಿ ಹುಲ್ಲು ಒಣಗಿ ಗುಡ್ಡವೆಲ್ಲ ಕಂದು. ಊರಲ್ಲಿ ಅಡಿಕೆ ಒಣಗಿಸುವ ಕಾಲಕ್ಕೆ ಇಲ್ಲಿ ಮೋಡ. ನವೆಂಬರಿನಿಂದ ಮಾರ್ಚಿನವರೆಗೆ ಬಂದರೆ ಬಂತು, ಇಲ್ಲದಿದ್ದರೆ ಮುಂದಿನ ವರ್ಷದ ಮಾತು. ಪೆಸಿಫಿಕ್ಕಿನ ಮೇಲೆ ಸಾವಿರಾರು ಮೈಲಿ ಉದ್ದದ ನೀರಾವಿಯ ಪಟ್ಟಿ ಹರಿದು ಬಂದು ಕರಾವಳಿಯ ಬೆಟ್ಟಕ್ಕೆ ಢಿಕ್ಕಿ ಹೊಡೆಯುತ್ತದೆ. ಅದು ಹವಾಯಿಯ ಕಡೆಯಿಂದ ಬಂದರೆ ಟಿ.ವಿ.ಯವರು ‘ಪೈನಾಪಲ್ ಎಕ್ಸ್‌ಪ್ರೆಸ್’ ಎಂದು ರೈಲಿನ ಹೆಸರಿಡುತ್ತಾರೆ. 2022ರ ಡಿಸೆಂಬರ್ 31ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಒಂದೇ ದಿನ 5.46 ಅಂಗುಲ ಮಳೆ ಸುರಿಯಿತು. ಅದಕ್ಕಿಂತ ಹೆಚ್ಚು ಸುರಿದದ್ದು 1994ರ ನವೆಂಬರಿನ ಒಂದು ದಿನ ಮಾತ್ರ. ಹೆದ್ದಾರಿ ಮುಳುಗಿತು, ನೀಲಗಿರಿ ಮರಗಳು ಬುಡಮೇಲಾದವು, ಮುಂದಿನ ವಾರ ಕ್ಯಾಪಿಟೋಲಾದ ಸಮುದ್ರ ಸೇತುವೆ ನಡುವಿನಲ್ಲಿ ಮುರಿದು ಎರಡು ತುಂಡಾಯಿತು.

ಅಮ್ಮ ತೀರ್ಥಹಳ್ಳಿ ಸೀಮೆಯವಳು. ಆಗುಂಬೆಗೆ ವರ್ಷಕ್ಕೆ 300 ಅಂಗುಲದ ಆಸುಪಾಸು ಮಳೆ, ಸ್ಯಾನ್ ಫ್ರಾನ್ಸಿಸ್ಕೊಗೆ 23. ಆ ವರ್ಷ ದೀಪಾವಳಿ ಮುಗಿಸಿ ನಮ್ಮಲ್ಲಿಗೆ ಬಂದಿದ್ದವಳಿಗೆ ಮೊಮ್ಮಗಳು ಈ ಅಂಕಿಯನ್ನೆಲ್ಲ ಓದಿ ಹೇಳಿದಳು. ‘ಐದೂವರೆ ಅಂಗುಲಕ್ಕೆ ಇಷ್ಟು ಗಲಾಟೆಯಾ?’ ಎಂದಳು ಅಮ್ಮ. ಚಿತ್ತೆ, ಸ್ವಾತಿ, ವಿಶಾಖೆ ಕಳೆಯಿತೆಂದರೆ ಅವಳ ಲೆಕ್ಕದಲ್ಲಿ ಮಳೆಗಾಲ ಮುಗಿಯಿತು. ಆಮೇಲೆ ಬೀಳುವುದು ಮಳೆಯಲ್ಲ, ಅಡಿಕೆ ಹಾಳು ಮಾಡುವ ಕಿರಿಕಿರಿ.

ಮಳೆಯಲ್ಲಿ ಹೊರಡಲು ಇನ್ನೊಂದು ಅನುಕೂಲವೂ ಇತ್ತು. ಇಲ್ಲಿನ ಸ್ಟೇಟ್ ಪಾರ್ಕುಗಳಲ್ಲಿ ಕ್ಯಾಂಪಿಂಗ್ ಜಾಗಕ್ಕೆ ಆರು ತಿಂಗಳು ಮೊದಲು, ಬೆಳಗ್ಗೆ ಸರಿಯಾಗಿ ಎಂಟು ಗಂಟೆಗೆ ಬುಕಿಂಗ್ ತೆರೆಯುತ್ತದೆ. ಬೇಸಿಗೆಯ ವಾರಾಂತ್ಯಕ್ಕಾದರೆ ಎಂಟು ಗಂಟೆ ಎರಡು ನಿಮಿಷಕ್ಕೆ ಎಲ್ಲ ಮುಗಿದಿರುತ್ತದೆ. ರೈಲ್ವೆ ತತ್ಕಾಲ್ ಟಿಕೆಟ್ಟಿನಲ್ಲಿ ಪಳಗಿದ ನಮ್ಮವರೇ ಸೋತು ಕೂತದ್ದುಂಟು. ಮಳೆಯ ಮುನ್ಸೂಚನೆ ಇದೆ ಎಂದರೆ ಸಾಕು, ಬುಕ್ ಮಾಡಿದವರೆಲ್ಲ ರದ್ದು ಮಾಡುತ್ತಾರೆ. ಪಾರ್ಕಿಗೆ ಪಾರ್ಕೇ ನಮ್ಮದು.

ಬಾಡಿಗೆಗೆ ಹಿಡಿದ ಆರ್‌ವಿ ಹತ್ತಿದ ಅಮ್ಮ ಮೊದಲು ನೋಡಿದ್ದು ಒಲೆಯನ್ನು. ಆಮೇಲೆ ನೋಡಿದ್ದು ಒಲೆಯ ಎದುರಿನ ಕಿರಿದಾದ ಬಾಗಿಲನ್ನು.

‘ಇದೆಂಥದೋ?’

‘ಕಕ್ಕಸು.’

ಊರಿನ ಮನೆಯಲ್ಲಿ ಅದು ಹಿತ್ತಲು ದಾಟಿ, ಹಲಸಿನ ಮರ ದಾಟಿ ಇದ್ದ ಕಟ್ಟಡ. ಮಳೆಗಾಲದ ರಾತ್ರಿ ಅಲ್ಲಿಗೆ ಹೋಗಲು ಕೊಡೆ, ಟಾರ್ಚು ಮತ್ತು ಕಾವಲಿಗೊಬ್ಬರು ಬೇಕಿತ್ತು. ‘ಮಾರಾಯ, ಇಲ್ಲಿ ಕೂತವರು ಕೈ ಚಾಚಿದ್ರೆ ಒಗ್ಗರಣೆ ಸೌಟು ಸಿಗ್ತದಲ್ಲ!’ ಎಂದಳು. ‘ಅದು ತುರ್ತಿಗೆ ಮಾತ್ರ ಅತ್ತೆ, ಉಳಿದ ಹೊತ್ತಿಗೆ ಪಾರ್ಕಿನದ್ದಿದೆ’ ಎಂದು ನನ್ನ ಹೆಂಡತಿ ರಾಜಿ ಮಾಡಿಸಿದಳು. ಮಳೆ ಆ ರಾಜಿಯನ್ನು ಮೊದಲ ರಾತ್ರಿಯೇ ಮುರಿಯಿತು.

ಕಾರಿನ ಲೈಸೆನ್ಸ್ ಇದ್ದರೆ ಸಾಕು, ನಲವತ್ತು ಅಡಿ ಉದ್ದದ ಮನೆಯನ್ನೂ ಓಡಿಸಬಹುದು ಎನ್ನುತ್ತದೆ ಕ್ಯಾಲಿಫೋರ್ನಿಯಾದ ಕಾನೂನು. ನಮ್ಮದು ಇಪ್ಪತ್ತೈದು ಅಡಿಯದು. ಹೆದ್ದಾರಿಗೆ ಏರಿದ ಮೇಲೆ ತಿಳಿಯುವುದೇನೆಂದರೆ, ಕಾರು ಓಡಿಸುವಾಗ ರಸ್ತೆಯ ಸದ್ದು ಕೇಳುತ್ತದೆ, ಇದನ್ನು ಓಡಿಸುವಾಗ ಪಾತ್ರೆಯ ಸದ್ದು. ಪ್ರತಿ ತಿರುವಿನಲ್ಲೂ ಹಿಂದಿನಿಂದ ಯಾರೋ ತಟ್ಟೆ ತೊಳೆಯುತ್ತಿರುತ್ತಾರೆ. ಸ್ಯಾನ್ ಹೋಸೆಯಿಂದ ಹಾಫ್ ಮೂನ್ ಬೇ ತಲುಪಿ, ಒಂದನೇ ನಂಬರ್ ಹೆದ್ದಾರಿ ಹಿಡಿದು ಉತ್ತರಕ್ಕೆ ತಿರುಗಿದೆವು. ಎಡಕ್ಕೆ ಸಮುದ್ರ ಇದೆ ಎಂದು ನಕ್ಷೆ ಹೇಳುತ್ತಿತ್ತು, ಗಾಜಿನಾಚೆ ಬರೀ ಬೂದು ಬಣ್ಣ. ಡೆವಿಲ್ಸ್ ಸ್ಲೈಡ್ ಎಂಬ ಜಾಗದಲ್ಲಿ ಜೋರು ಮಳೆಗೆ ಕೆಲವೊಮ್ಮೆ ಗುಡ್ಡ ಜರಿದು ರಸ್ತೆ ತಿಂಗಳುಗಟ್ಟಲೆ ಮುಚ್ಚುತ್ತಿತ್ತು. 2013ರಲ್ಲಿ ಸುರಂಗ ತೆರೆದ ಮೇಲೆ ಆ ಗೋಳು ತಪ್ಪಿತು. ಸುರಂಗ ಹೊಕ್ಕಾಗ ಮಳೆಯ ಸದ್ದು ಥಟ್ಟನೆ ನಿಂತು, ನಮ್ಮ ಮನೆಯ ಚಮಚಗಳ ಸದ್ದು ಎಷ್ಟಿದೆ ಎಂಬುದು ಸ್ಪಷ್ಟವಾಗಿ ಕೇಳಿತು.

ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನ ಪಶ್ಚಿಮದ ಅಂಚಿನಲ್ಲಿ, ಸಮುದ್ರಕ್ಕೆ ಮುಖ ಮಾಡಿ ಎರಡು ಗಾಳಿಯಂತ್ರಗಳಿವೆ. ಉತ್ತರದ್ದು 1903ರದು, ಹೆಸರೇ ಡಚ್ ವಿಂಡ್‌ಮಿಲ್. ದಕ್ಷಿಣದ ಮರ್ಫಿ ವಿಂಡ್‌ಮಿಲ್ 1908ರದು. ಉತ್ತರದ್ದರ ಬುಡದಲ್ಲಿ ಡಚ್ ರಾಣಿ ವಿಲ್ಹೆಲ್ಮಿನಾ ಹೆಸರಿನ ಟುಲಿಪ್ ತೋಟ. ನೆದರ್ಲೆಂಡ್ಸ್ ತಪ್ಪಿದ್ದಕ್ಕೆ ಸಮಾಧಾನ ಎಂದು ಅಲ್ಲಿ ಗಾಡಿ ನಿಲ್ಲಿಸಿದೆವು. ಚಳಿಗಾಲದಲ್ಲಿ ಹೂವೆಲ್ಲಿಂದ ಬರಬೇಕು, ಒದ್ದೆ ಮಣ್ಣಿನ ಮಡಿ ನೋಡಿದ್ದಾಯಿತು. ಆದರೆ ಈ ಯಂತ್ರಗಳ ಕಥೆ ಹೂವಿಗಿಂತ ಸೊಗಸು. ಈ ಪಾರ್ಕ್ ಇರುವ ಜಾಗ ಮೊದಲು ಬರೀ ಮರಳ ದಿಬ್ಬ. ಗಿಡ ನೆಟ್ಟರು, ನೀರು ಸಾಲಲಿಲ್ಲ, ಖಾಸಗಿ ಕಂಪನಿಯಿಂದ ಕೊಳ್ಳೋಣವೆಂದರೆ ದುಬಾರಿ. ಸಮುದ್ರದ ಗಾಳಿ ಪುಕ್ಕಟೆ ಬೀಸುತ್ತಿತ್ತು. ಅದರಿಂದ ನೆಲದಡಿಯ ನೀರೆತ್ತಲು ಈ ಯಂತ್ರಗಳನ್ನು ಕಟ್ಟಿದರು. ಡಚ್ಚರು ತಮ್ಮ ದೇಶದಲ್ಲಿ ಗಾಳಿಯಂತ್ರ ಕಟ್ಟಿದ್ದು ಹೊಲದಲ್ಲಿ ನಿಂತ ನೀರನ್ನು ಹೊರಗೆ ಚೆಲ್ಲಿ ನೆಲ ಒಣಗಿಸಲು. ಇಲ್ಲಿ ಅದೇ ಯಂತ್ರ ಒಣ ಮರಳನ್ನು ನೆನೆಸಲು. ಹತ್ತೇ ವರ್ಷದಲ್ಲಿ ವಿದ್ಯುತ್ ಪಂಪು ಬಂದು ಎರಡಕ್ಕೂ ಕೆಲಸ ತಪ್ಪಿತು. ಈಗ ದುರಸ್ತಿಯಾಗಿ, ಬಣ್ಣ ಬಳಿಸಿಕೊಂಡು, ಫೋಟೋಕ್ಕೆ ನಿಲ್ಲುವ ಕೆಲಸ ನೋಡಿಕೊಳ್ಳುತ್ತಿವೆ. ಅಮ್ಮ ಕಿಟಕಿಯಿಂದಲೇ ನೋಡಿ, ‘ಇಷ್ಟು ಮಳೆಯಲ್ಲಿ ನೀರೆತ್ತುವ ಯಂತ್ರ ನೋಡ್ಲಿಕ್ಕೆ ಬಂದಿದ್ದೀವಾ?’ ಎಂದಳು.

ಗೋಲ್ಡನ್ ಗೇಟ್ ಸೇತುವೆಯ ಮೇಲೆ ಗಾಳಿ ನಮ್ಮ ಮನೆಯನ್ನು ಪಕ್ಕದ ಲೇನಿಗೆ ತಳ್ಳಲು ನೋಡಿತು. ಆಚೆ ದಡ ಮುಟ್ಟಿದ ಮೇಲೆ, ಸೇತುವೆ ಕಂಡಿತೇ ಎಂದು ಎಲ್ಲರನ್ನೂ ಕೇಳಿದೆ. ಯಾರಿಗೂ ಕಂಡಿರಲಿಲ್ಲ.

ರಾತ್ರಿ ತಂಗಿದ್ದು ಮರಿನ್ ಕೌಂಟಿಯ ಸ್ಯಾಮ್ಯುಯೆಲ್ ಪಿ. ಟೇಲರ್ ಪಾರ್ಕಿನಲ್ಲಿ. ಟೇಲರ್ ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಬಂದವನು. 1856ರಲ್ಲಿ ಲಗುನಿಟಾಸ್ ಹೊಳೆಯ ದಂಡೆಯಲ್ಲಿ ಪೆಸಿಫಿಕ್ ಕರಾವಳಿಯ ಮೊದಲ ಕಾಗದದ ಗಿರಣಿ ಹಾಕಿದ. ಪಕ್ಕದಲ್ಲೇ ‘ಕ್ಯಾಂಪ್ ಟೇಲರ್’ ಎಂದು ಡೇರೆ ಹಾಕಿಸಿ ಪೇಟೆಯವರನ್ನು ಕರೆದ. ಗುಳೆ ಹೋಗುವವರು, ಸೈನಿಕರು, ದನಗಾಹಿಗಳು ವಿಧಿಯಿಲ್ಲದೆ ಡೇರೆಯಲ್ಲಿ ಮಲಗುವುದಿತ್ತು. ಮನೆ ಇದ್ದವರೂ ದುಡ್ಡು ಕೊಟ್ಟು ಹಾಗೆ ಮಲಗಬಹುದು ಎಂದು ಅಮೆರಿಕಕ್ಕೆ ತೋರಿಸಿಕೊಟ್ಟ ಮೊದಮೊದಲ ಜಾಗಗಳಲ್ಲಿ ಇದೂ ಒಂದು. ಈಗ ಅಲ್ಲಿ ರೆಡ್‌ವುಡ್ ಮರಗಳ ಕಾಡು. ಮಳೆ ನಿಂತರೂ ಮರದಡಿ ಅರ್ಧ ಗಂಟೆ ಹನಿಯುತ್ತಲೇ ಇರುತ್ತದೆ.

ಅಲ್ಲಿ ಕರೆಂಟಿನ ಪ್ಲಗ್ ಇಲ್ಲ. ಗಾಡಿಯ ಜನರೇಟರ್ ಹಾಕಿಕೊಳ್ಳಬಹುದು, ಆದರೆ ಸ್ಟೇಟ್ ಪಾರ್ಕಿನ ನಿಯಮದ ಪ್ರಕಾರ ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಮಾತ್ರ. ಅಮ್ಮ ಇದನ್ನು ರಾಹುಕಾಲದಷ್ಟೇ ಗಂಭೀರವಾಗಿ ಸ್ವೀಕರಿಸಿದಳು. ‘ಏಳೂ ನಲವತ್ತಾಯ್ತು, ಕಾಯಿ ತುರಿದಾಯ್ತಾ?’ ಏಳೂ ಐವತ್ತಕ್ಕೆ ಹೆಂಡತಿ ಮಿಕ್ಸಿಗೆ ಕಾಯಿತುರಿ, ಹುರಿಗಡಲೆ, ಹಸಿಮೆಣಸು ಹಾಕಿದಳು. ನಾನು ಗುಂಡಿ ಒತ್ತಿದೆ. ಜನರೇಟರ್ ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಎದ್ದಿತು. ಒಂದು ಸುತ್ತು ಅರೆಯುವಷ್ಟರಲ್ಲಿ ಮಗಳು ‘ಅಪ್ಪಾ, ಟೈಮ್!’ ಎಂದು ಕೂಗಿದಳು. ಎಂಟಕ್ಕೆ ಒಂದು ನಿಮಿಷ ಇರುವಾಗ ಚಟ್ನಿ ತರಿತರಿಯಾಗಿ ಇಳಿಯಿತು, ಕಾಡಿಗೆ ನಿಶ್ಶಬ್ದ ವಾಪಸಾಯಿತು.

ಒಗ್ಗರಣೆಗೆ ಕರೆಂಟ್ ಬೇಡ, ಪ್ರೊಪೇನ್ ಒಲೆ ಇದೆ. ಆದರೆ ಆರಡಿ ಎತ್ತರದ ಚಾವಣಿ, ಮಳೆಗೆ ಮುಚ್ಚಿದ ಕಿಟಕಿ, ತಲೆಯ ಮೇಲೆಯೇ ಹೊಗೆಯ ಅಲಾರಂ. ಸಾಸಿವೆ ಸಿಡಿಯಿತು, ಒಣಮೆಣಸು ಕಪ್ಪಾಯಿತು, ಅಲಾರಂ ಚೀರಿತು. ಮಗಳು ಮಂಚ ಹತ್ತಿ ಅದಕ್ಕೆ ತಟ್ಟೆಯಿಂದ ಗಾಳಿ ಹಾಕಿದಳು. ಹೆಂಡತಿ ಕಿಟಕಿ ತೆರೆದಳು, ಮಳೆ ಒಳಗೆ ಬಂತು. ನಾನು ಬಾಗಿಲು ತೆರೆದೆ, ಅಮ್ಮ ಕೆಮ್ಮುತ್ತ ‘ಚಟ್ನಿ ಮುಚ್ಚು, ನೀರು ಬೀಳ್ತದೆ’ ಎಂದಳು. ನೆಲದ ಹತ್ತಿರ ಇನ್ನೊಂದು ಅಲಾರಂ ಇದೆ. ಅದು ಗ್ಯಾಸ್ ಸೋರಿದರೆ ಕೂಗುವುದಕ್ಕೆ. ಪ್ರೊಪೇನ್ ಗಾಳಿಗಿಂತ ಭಾರ, ಕೆಳಗೇ ಕೂರುತ್ತದೆ ಎಂದು ಅದನ್ನು ಕಾಲಿನ ಮಟ್ಟಕ್ಕೆ ಹಾಕುತ್ತಾರೆ. ಅದೊಂದು ಮಾತ್ರ ಆ ರಾತ್ರಿ ಬಾಯಿ ಬಿಡಲಿಲ್ಲ.

ಊಟವಾದ ಮೇಲೆ ಇನ್ನೇನು ಕೆಲಸ? ಬಿಸಿಲಿನ ಪ್ರವಾಸದಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ಮಗಳು ನೀರಿಗೆ, ಹೆಂಡತಿ ನಡಿಗೆಗೆ, ನಾನು ಕ್ಯಾಮೆರಾ ಹಿಡಿದು ಗುಡ್ಡಕ್ಕೆ, ಅಮ್ಮ ಕುರ್ಚಿಗೆ. ಮಳೆಯಲ್ಲಿ ಹೋಗಲು ಜಾಗವೇ ಇಲ್ಲ. ಮೊಬೈಲಿಗೆ ಸಿಗ್ನಲ್ಲೂ ಇಲ್ಲ. ಮಡಚುವ ಮೇಜಿನ ಸುತ್ತ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತವರು ಮಾತಾಡಲೇಬೇಕು. ಅಮ್ಮ ಮದುವೆಯಾದ ವರ್ಷ ಹೊಳೆ ಉಕ್ಕಿ, ತವರಿಗೆ ಹೊರಟವಳು ದೋಣಿಗೆ ಕಾದು ಯಾರದೋ ಮನೆಯಲ್ಲಿ ಉಳಿದ ಕಥೆ ನನಗೇ ಗೊತ್ತಿರಲಿಲ್ಲ. ನಮ್ಮ ಸ್ಯಾನ್ ಹೋಸೆ ಮನೆಯಲ್ಲಿ ಎರಡು ಪದರ ಗಾಜಿನ ಕಿಟಕಿ, ಗೋಡೆಯೊಳಗೆ ಹತ್ತಿಯಂಥ ಸರಕು, ಹೊರಗೆ ಮಳೆ ಬಂದರೆ ಫೋನ್ ನೋಡಿ ತಿಳಿಯಬೇಕು. ಇಲ್ಲಿ ತಲೆಯಿಂದ ಎರಡಡಿ ಮೇಲೆ ತೆಳ್ಳಗಿನ ಚಾವಣಿ. ಅದರ ಮೇಲೆ ಮಳೆ ಬಡಿದಂತೆ, ಅಮೆರಿಕಕ್ಕೆ ಬಂದಂದಿನಿಂದ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದ ಅಮ್ಮ ಗೊರಕೆ ಹೊಡೆಯತೊಡಗಿದಳು. ಅವಳಿಗೆ ನಿದ್ದೆ ಬಂತೆಂದು ಉಳಿದವರಿಗೆ ನಿದ್ದೆ ಬರಲಿಲ್ಲ.

ಬೆಳಗ್ಗೆ ಮಳೆ ಬಿಡುವು ಕೊಟ್ಟಿತು. ತರಗೆಲೆಯ ಮೇಲೆ ಗೇಣುದ್ದದ ಹಳದಿ ಗೊಂಡೆಹುಳ ನಿಧಾನವಾಗಿ ಹೊರಟಿತ್ತು. ಬನಾನಾ ಸ್ಲಗ್ ಎನ್ನುತ್ತಾರೆ, ಸ್ಯಾಂಟಾ ಕ್ರೂಸಿನ ವಿಶ್ವವಿದ್ಯಾಲಯದವರು ಅದನ್ನೇ ತಮ್ಮ ಲಾಂಛನ ಮಾಡಿಕೊಂಡಿದ್ದಾರೆ. ಬರ್ಕ್ಲಿಯ ಮೇಲಿನ ಟಿಲ್ಡನ್ ಪಾರ್ಕಿನಲ್ಲಂತೂ, ಮಳೆಗಾಲದಲ್ಲಿ ನ್ಯೂಟ್ ಎಂಬ ಹಲ್ಲಿಯಾಕಾರದ ಜೀವಿ ರಸ್ತೆ ದಾಟಿ ನೀರಿಗೆ ಹೋಗುತ್ತದೆಂದು ಒಂದಿಡೀ ರಸ್ತೆಯನ್ನು ನವೆಂಬರಿನಿಂದ ಮಾರ್ಚಿನವರೆಗೆ ಕಾರುಗಳಿಗೆ ಮುಚ್ಚುತ್ತಾರೆ. ನಮ್ಮ ಲಗುನಿಟಾಸ್ ಹೊಳೆಗೂ ಮಳೆಯಲ್ಲೇ ನೆಂಟರು. ಕೋಹೊ ಸಾಲ್ಮನ್ ಮೀನುಗಳು ಇಲ್ಲಿ ಹುಟ್ಟಿ, ಸಮುದ್ರ ಸೇರಿ, ಮೂರನೆಯ ವರ್ಷದ ಚಳಿಗಾಲದಲ್ಲಿ ಮಳೆನೀರು ಏರಿದಾಗ ಪ್ರವಾಹಕ್ಕೆ ಎದುರಾಗಿ ಈಜಿ ಇದೇ ಹೊಳೆಗೆ ಬಂದು ಮೊಟ್ಟೆಯಿಟ್ಟು ಸಾಯುತ್ತವೆ. ಮಗಳು ಇದನ್ನೆಲ್ಲ ವಿವರಿಸಿ ಮುಗಿಸುವ ಮೊದಲೇ ಅಮ್ಮ ತಲೆಯಾಡಿಸಿದಳು. ‘ನಮ್ಮಲ್ಲೂ ಉಂಟಲ್ಲ, ಹತ್ತುಮೀನು. ಮೊದಲ ಮಳೆಗೆ ಗದ್ದೆಗೆ ಹತ್ತಿ ಬರ್ತವೆ. ಹೆರಿಗೆಗೆ ತವರಿಗೆ ಬಂದ ಹಾಗೆ.’ ಕೊಡೆ ಹಿಡಿದು ದಂಡೆಯಲ್ಲಿ ನಿಂತೆವು. ಕದಡಿದ ಹರಿವಿನಲ್ಲಿ ಒಂದು ಕೆಂಪು ಬೆನ್ನು ಮೇಲೆದ್ದು, ಕಲ್ಲಿಗೆ ಉಜ್ಜಿ, ಬಾಲ ಬಡಿದು ಮುಂದೆ ಹೋಯಿತು. ಇಡೀ ಪ್ರವಾಸದಲ್ಲಿ ನಾವು ಮನಸಾರೆ ನೋಡಿದ ಸ್ಥಳವಿಶೇಷ ಅದೊಂದೇ. ಬಿಸಿಲಿದ್ದಿದ್ದರೆ ಅದೂ ಇರುತ್ತಿರಲಿಲ್ಲ.

ಇನ್ನು ಎಲ್ಲ ಪ್ರವಾಸಿಗರೂ ಮುಚ್ಚಿಡುವ ಅಧ್ಯಾಯ. ಆರ್‌ವಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕುಗಳು: ಒಳ್ಳೆಯ ನೀರು, ಪಾತ್ರೆ ಮತ್ತು ಸ್ನಾನದ ಬೂದುನೀರು, ಕಕ್ಕಸಿನ ಕಪ್ಪುನೀರು. ಮೊದಲನೆಯದು ಖಾಲಿಯಾದಷ್ಟೂ ಉಳಿದೆರಡು ತುಂಬುತ್ತವೆ, ಗೋಡೆಯ ಮೇಲಿನ ಪುಟ್ಟ ದೀಪಗಳು ಅದನ್ನು ಮನೆಮಂದಿಗೆಲ್ಲ ತೋರಿಸುತ್ತಿರುತ್ತವೆ. ಬಿಸಿನೀರಿನ ಟ್ಯಾಂಕ್ ಆರು ಗ್ಯಾಲನ್ನಿನದು, ಅಂದರೆ ಇಪ್ಪತ್ತೆರಡು ಲೀಟರ್ ಚಿಲ್ಲರೆ. ಹಂಡೆಯಲ್ಲಿ ಮಿಂದ ಅಮ್ಮನಿಗೆ ಅದು ಕೈಕಾಲು ತೊಳೆಯುವ ನೀರು. ಗಾಡಿ ವಾಪಸು ಕೊಡುವ ಮೊದಲು ಡಂಪ್ ಸ್ಟೇಷನ್ನಿಗೆ ಹೋಗಿ, ದಪ್ಪ ಕೊಳವೆ ಸಿಕ್ಕಿಸಿ, ಮೊದಲು ಕಪ್ಪುನೀರು ಬಿಡಬೇಕು, ಆಮೇಲೆ ಬೂದುನೀರು. ಎರಡನೆಯದು ಹರಿದಾಗ ಕೊಳವೆ ತಾನೇ ತೊಳೆದುಕೊಳ್ಳುತ್ತದೆ. ಸುರಿವ ಮಳೆಯಲ್ಲಿ ನಾನು ಕೈಗವಸು ಹಾಕಿ ಬಗ್ಗಿ ನಿಂತಿದ್ದಾಗ, ಅಮ್ಮ ಕಿಟಕಿಯಿಂದ ಕೊಡೆ ಹೊರಚಾಚಿ ನನ್ನ ತಲೆಯ ಮೇಲೆ ಹಿಡಿದಳು. ‘ಅಮೆರಿಕಕ್ಕೆ ಕಳಿಸಿ ಓದಿಸಿದ್ದು ಇದಕ್ಕಾ’ ಎಂದು ಮಾತ್ರ ಕೇಳಲಿಲ್ಲ. ಮಳೆಯ ಸದ್ದಿಗೆ ನನಗೆ ಕೇಳಿಸದೆಯೂ ಇರಬಹುದು.

ಸಂಜೆ ಪೇಲೊ ಆಲ್ಟೊ ದಾಟುವಾಗ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಂಚಿಗೆ, ಎಲ್ ಕಮಿನೊ ರಿಯಲ್ ರಸ್ತೆಯ ಬದಿಯಲ್ಲಿ ನಮ್ಮ ಗಾಡಿಯಂಥವೇ ಗಾಡಿಗಳ ಸಾಲು ನಿಂತಿತ್ತು. ಎಲ್ಲ ಹಳೆಯವು. ಚಾವಣಿ ಸೋರದಂತೆ ನೀಲಿ ತಾಡಪಾಲು ಹೊದಿಸಿ ಹಗ್ಗ ಬಿಗಿದಿದ್ದರು. ಒಂದರ ಕಿಟಕಿಯೊಳಗೆ ಮಗುವೊಂದು ಪುಸ್ತಕ ತೆರೆದು ಕೂತಿತ್ತು. ‘ಇವರದ್ದೂ ಟೂರಾ?’ ಎಂದಳು ಅಮ್ಮ. ಅಲ್ಲ. ಈ ಕಣಿವೆಯ ಬಾಡಿಗೆ ಕೊಡಲಾಗದೆ ಗಾಡಿಯಲ್ಲೇ ಸಂಸಾರ ಹೂಡಿದವರು. ತೋಟ ನೋಡಿಕೊಳ್ಳುವವರು, ಅಡುಗೆ ಮಾಡುವವರು, ಕಟ್ಟಡ ಕಟ್ಟುವವರು. ಪಕ್ಕದ ಮೌಂಟನ್ ವ್ಯೂನಲ್ಲಿ 2020ರ ನವೆಂಬರಿನಲ್ಲಿ ಊರವರು ಮತ ಹಾಕಿ, ಕಿರಿದಾದ ಬೀದಿಗಳಲ್ಲಿ ಇಂಥ ದೊಡ್ಡ ಗಾಡಿ ನಿಲ್ಲಿಸಬಾರದೆಂದು ನಿಯಮ ಒಪ್ಪಿಕೊಂಡರು. ಸಾಲು ಒಂದು ಬೀದಿಯಿಂದ ಇನ್ನೊಂದಕ್ಕೆ ಸರಿಯುತ್ತದೆ, ಮುಗಿಯುವುದಿಲ್ಲ. ಅವರಿಗೂ ಅದೇ ಮೂರು ಟ್ಯಾಂಕು, ಅದೇ ತೆಳು ಚಾವಣಿ. ಗಾಡಿ ವಾಪಸು ಕೊಟ್ಟು ಹೋಗಲು ಇನ್ನೊಂದು ಮನೆ ಇಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟಾದರೂ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಆರ್‌ವಿ ಪ್ರವಾಸ ಮಾಡುವುದಾದರೆ ಮಳೆಯಲ್ಲೇ ಮಾಡಿ. ಕ್ಯಾಲಿಫೋರ್ನಿಯಾವನ್ನು ಬಿಸಿಲಿನಲ್ಲಿ ಯಾವಾಗ ಬೇಕಾದರೂ ನೋಡಬಹುದು, ಮನೆಯವರೆಲ್ಲ ಒಟ್ಟಿಗೆ ಸಿಕ್ಕಿಬೀಳುವುದು ಮಳೆಗೆ ಮಾತ್ರ. ಉಣ್ಣೆಯ ಕಾಲುಚೀಲ, ಗಟ್ಟಿ ಕೈಗವಸು ಇಟ್ಟುಕೊಳ್ಳಿ, ಚಟ್ನಿ ಎಂಟರೊಳಗೆ ಅರೆದು ಮುಗಿಸಿ. ಮರಳಿ ಬರುವಾಗ ರಸ್ತೆ ಬದಿಯಲ್ಲಿ ನೀಲಿ ತಾಡಪಾಲಿನ ಸಾಲು ಕಂಡರೆ ವೇಗ ಇಳಿಸಿ, ನಿಧಾನವಾಗಿ ದಾಟಿ. ನಿಮ್ಮ ಗಾಲಿ ಎರಚುವ ನೀರು ಹೋಗಿ ಬಡಿಯುವುದು ಯಾರದೋ ಅಡುಗೆಮನೆಯ ಗೋಡೆಗೆ.